ಮನೋವೈದ್ಯರನ್ನು ಜಿಲ್ಲೆಯಲ್ಲಿ ಉಳಿಸುವುದು ಮೇಲಧಿಕಾರಿಯೇ?

ಪರ: ಮಂಗಳವಾರದ ಜೀಪು

ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರವನ್ನು ಮನೋರೋಗ ಚಿಕಿತ್ಸೆಗೆ ಮೀಸಲಿಡುವುದು ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮ. ಕಾಗದದ ಮಂಗಳವಾರ ನಿಜವಾದ ಮಂಗಳವಾರವಾಗುವುದು ಮಾತ್ರ ಸಾಹೇಬರ ಮರ್ಜಿ. ತುಮಕೂರು ಜಿಲ್ಲೆಯಲ್ಲಿ ನಾನು ಮನೋವೈದ್ಯನಾಗಿ ಕೆಲಸಕ್ಕೆ ಸೇರಿದ ಮೊದಲ ವರ್ಷ, ಜೀಪು ಆ ದಿನವೇ ಯಾವುದೋ ಸಭೆಗೆ ಹೋಗಿರುತ್ತಿತ್ತು. ಪಾವಗಡ ನೂರು ಕಿಲೋಮೀಟರು. ಬಸ್ಸಿನಲ್ಲಿ ಹೋಗಿ ಇಳಿಯುವಷ್ಟರಲ್ಲಿ ಹನ್ನೆರಡು ದಾಟುತ್ತಿತ್ತು. ಗಡಿ ಹಳ್ಳಿಗಳಿಂದ ಬಂದವರು ಚೀಟಿ ಹಿಡಿದು ಕಾದು, ಇದ್ದೊಂದು ಬಸ್ಸೂ ತಪ್ಪೀತೆಂದು ಎದ್ದು ಹೋಗಿರುತ್ತಿದ್ದರು. ದೂರಿದರೆ, "ನಿಮ್ಮದು ಕುಳಿತು ಮಾತನಾಡುವ ಕೆಲಸ ತಾನೆ, ಮುಂದಿನ ವಾರ ಮಾತನಾಡಿ" ಎಂಬ ಉತ್ತರ. ರಾಜೀನಾಮೆ ಬರೆದು ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೆ.

ಆ ಸಾಹೇಬರು ವರ್ಗವಾದರು. ಬಂದವರು ಮೂಳೆ ವೈದ್ಯರು. ಮನೋರೋಗ ತಮಗೆ ತಿಳಿಯದು ಎಂದು ಮೊದಲ ದಿನವೇ ಒಪ್ಪಿಕೊಂಡರು (ನನಗೆ ಅಷ್ಟೇ ಸಾಕಾಗಿತ್ತು). ಮಂಗಳವಾರ ಜೀಪು ಮುಟ್ಟಬಾರದೆಂದು ಗೋಡೆಗೆ ಆದೇಶ ಅಂಟಿಸಿದರು. ರಾತ್ರಿ ಪಾಳಿಯಿಂದ ಬಿಡಿಸಿದರು. ಮಾತ್ರೆ ಮುಗಿಯುವ ಮುನ್ನವೇ ಹೊಸ ದಾಸ್ತಾನು ತರಿಸುವ ಇಂಡೆಂಟಿಗೆ ಸಹಿ ಬೀಳತೊಡಗಿತು. ಸಂಬಳ ಒಂದು ಪೈಸೆಯೂ ಏರಲಿಲ್ಲ. ನಾನು ಮತ್ತೆ ಐದು ವರ್ಷ ಇದ್ದೆ.

ಇದು ನನ್ನೊಬ್ಬನ ಮಾತಲ್ಲ. ಅಮೆರಿಕದ ಮೇಯೊ ಕ್ಲಿನಿಕ್ 2,800ಕ್ಕೂ ಹೆಚ್ಚು ವೈದ್ಯರನ್ನು ಕೇಳಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ನೇರ ಮೇಲಧಿಕಾರಿಗೆ 60ಕ್ಕೆ ಕೊಟ್ಟ ಅಂಕ ಒಂದೊಂದು ಏರಿದಂತೆ ಬಸವಳಿಯುವ ಸಾಧ್ಯತೆ ಶೇ 3.3ರಷ್ಟು ಇಳಿದಿತ್ತು, ತೃಪ್ತಿಯ ಸಾಧ್ಯತೆ ಶೇ 9ರಷ್ಟು ಏರಿತ್ತು.

ವಿರೋಧ: ಒಳ್ಳೆಯ ಸಾಹೇಬರಿದ್ದೂ ಹೊರಟೆ

ಕೋಲಾರ ಜಿಲ್ಲೆಯಲ್ಲಿ ನನ್ನ ಮೇಲಿದ್ದವರು, ಊರಿಗೆ ತಕ್ಕಂತೆ, ಬಂಗಾರದಂಥ ಮನುಷ್ಯರು. ರೋಗಿಯ ಕಡೆಯವರು ಗಲಾಟೆ ಮಾಡಿದ ದಿನ ನನ್ನ ಪಕ್ಕ ಬಂದು ನಿಂತವರು. ಆದರೂ ಬಿಟ್ಟೆ. ನಾನು ಗುತ್ತಿಗೆ ನೌಕರ. ಮಾರ್ಚ್ ಬಂದರೆ ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂಬ ಲೆಕ್ಕ. ಬೆಂಗಳೂರು ಇರುವುದು 70 ಕಿಲೋಮೀಟರಿನಾಚೆ, ಸಂಬಳ ಇಲ್ಲಿನ ಎರಡರಷ್ಟು.

ಹಣವಷ್ಟೇ ಅಲ್ಲ. ಮನಸ್ಸಿನ ವಿಪರೀತ ಏರಿಳಿತಕ್ಕೆ ಲಿಥಿಯಂ ಮಾತ್ರೆ ಕೊಟ್ಟವರ ರಕ್ತದಲ್ಲಿ ಅದರ ಮಟ್ಟ ಅಳೆಯುತ್ತಿರಬೇಕು, ಸ್ವಲ್ಪ ಮೀರಿದರೂ ವಿಷ. ಆ ಪರೀಕ್ಷೆ ನಮ್ಮಲ್ಲಿರಲಿಲ್ಲ. ಬಂಗಾರಪೇಟೆ ಕಡೆಯ ಹೆಂಗಸೊಬ್ಬರು ಕೂಲಿ ಬಿಟ್ಟು ಎರಡು ಸಲ ಬೆಂಗಳೂರಿಗೆ ಹೋಗಿ ರಕ್ತ ಕೊಟ್ಟು ಬಂದರು. ಮೂರನೆಯ ಸಲ ಮಾತ್ರೆಯನ್ನೇ ಬಿಟ್ಟರು. ಸಾಹೇಬರು ಎಷ್ಟು ಒಳ್ಳೆಯವರಾದರೇನು, ಆ ಯಂತ್ರ ಅವರ ಸಹಿಗೆ ಬರುವಂಥದ್ದಲ್ಲ.

ಮೇಯೊ ಸಮೀಕ್ಷೆಯನ್ನು ನಾನೂ ಓದಿದ್ದೇನೆ. ಸಾಹೇಬರಿಗೆ ಅಂಕ ಕೊಟ್ಟವನೂ ತನ್ನ ದಣಿವು ಹೇಳಿಕೊಂಡವನೂ ಅಲ್ಲಿ ಒಬ್ಬನೇ. ಬೇಸತ್ತವನಿಗೆ ಯಾವ ಸಾಹೇಬ ಸರಿ ಕಂಡಾನು? ಅಲ್ಲದೆ ಅದು ಎಲ್ಲ ವಿಭಾಗದ ವೈದ್ಯರ, ಒಂದೇ ಸಿರಿವಂತ ಸಂಸ್ಥೆಯ ಲೆಕ್ಕ. ನಮ್ಮ ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯನೂ ಇಲ್ಲ. ಕರೆಯುವವರು ಎಲ್ಲೆಡೆಯೂ ಇದ್ದಾರೆ.

ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ ಸಾಹೇಬರು, "ನಿಮ್ಮ ಜೊತೆ ಓದಿದವರು ಯಾರಾದರೂ ಬಂದಾರೆಯೇ ಡಾಕ್ಟರೇ?" ಎಂದು ಕೇಳಿದರು. ಇಬ್ಬರಿಗೆ ಫೋನ್ ಮಾಡಿದೆ. ಸಾಹೇಬರು ಹೇಗೆ ಎಂದು ಇಬ್ಬರೂ ಕೇಳಲಿಲ್ಲ. ಕೇಳಿದ್ದು, ಹುದ್ದೆ ಕಾಯಮೋ ಗುತ್ತಿಗೆಯೋ ಎಂದು.