ಕೊನೆಯ ನಾಲ್ಕು ಸೊನ್ನೆಗಳು

ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕಳೆದ ವಾರ ಡಿಬಿ2 ಎಂಬ ಐಬಿಎಂ ಡೇಟಾಬೇಸಿನ ಹಳೆಯ ಟೇಬಲ್ ಒಂದನ್ನು ಪರದೆಯ ಮೇಲೆ ತೆರೆದಿಟ್ಟುಕೊಂಡು, "ಸರ್, ಇಲ್ಲಿರುವ ಬಹುಪಾಲು ಟೈಮ್‌ಸ್ಟ್ಯಾಂಪುಗಳು ನಾಲ್ಕು ಸೊನ್ನೆಗಳಲ್ಲೇ ಏಕೆ ಮುಗಿಯುತ್ತವೆ?" ಎಂದು ಕೇಳಿದಳು. ಟೈಮ್‌ಸ್ಟ್ಯಾಂಪ್ ಎಂದರೆ ದಾಖಲೆ ಬರೆದ ತಾರೀಖು, ಹೊತ್ತುಗಳ ಮುದ್ರೆ. ಅವಳು ತೋರಿಸಿದ ಸಾಲಿನಲ್ಲಿ 2009-03-31-23.41.07.380000 ಎಂದಿತ್ತು. ಅದರ ಕೆಳಗಿನ ಸಾಲು 380001, ಅದರ ಕೆಳಗಿನದು 380002. ಹದಿನೈದು ವರ್ಷಗಳಿಗೂ ಹಿಂದೆ ಆ ಟೇಬಲ್ಲಿಗೆ ಬರೆಯುವ ಪ್ರೋಗ್ರಾಂ ತಿದ್ದಿದವರಲ್ಲಿ ನಾನೂ ಒಬ್ಬನಾದ್ದರಿಂದ ಉತ್ತರ ನನಗೆ ಗೊತ್ತಿತ್ತು. ಹೇಳುವುದಕ್ಕೆ ಸ್ವಲ್ಪ ಸಂಕೋಚವಾಯಿತು.

ಆ ಪ್ರೋಗ್ರಾಂ ಇದ್ದದ್ದು ಕೋಬಾಲ್ ಎಂಬ ಭಾಷೆಯಲ್ಲಿ. ಅದರಲ್ಲಿ ಹೊತ್ತು ಎಷ್ಟೆಂದು ಕೇಳುವ ಹಳೆಯ ವಿಧಾನವೆಂದರೆ 'ಆಕ್ಸೆಪ್ಟ್ ಫ್ರಮ್ ಟೈಮ್'. ಅದು ಎಂಟು ಅಂಕಿಗಳನ್ನು ಕೊಡುತ್ತದೆ: ಗಂಟೆ, ನಿಮಿಷ, ಸೆಕೆಂಡು, ಕೊನೆಗೆ ಸೆಕೆಂಡಿನ ನೂರನೆಯ ಒಂದು ಭಾಗ. ಆಮೇಲೆ ಬಂದ 'ಕರೆಂಟ್ ಡೇಟ್' ಫಂಕ್ಷನ್ 21 ಅಕ್ಷರಗಳಲ್ಲಿ ವರ್ಷದಿಂದ ಹಿಡಿದು ಗ್ರೀನಿಚ್‌ಗಿಂತ ಎಷ್ಟು ಮುಂದೆ, ಎಷ್ಟು ಹಿಂದೆ ಎಂಬುದರ ತನಕ ಎಲ್ಲವನ್ನೂ ಹೇಳುತ್ತದೆಯಾದರೂ, ಸೆಕೆಂಡನ್ನು ಸೀಳುವ ವಿಷಯದಲ್ಲಿ ಅದೂ ನೂರಕ್ಕೇ ನಿಲ್ಲುತ್ತದೆ. ಡಿಬಿ2ನ ಟೈಮ್‌ಸ್ಟ್ಯಾಂಪ್ ಕಾಲಮ್ಮಿಗಾದರೋ ಬೇಕಾಗಿರುವುದು ಸೆಕೆಂಡಿನ ಮುಂದೆ ಆರು ಅಂಕಿ. ಕೈಯಲ್ಲಿರುವುದು ಎರಡು, ತುಂಬಬೇಕಾದ ಮನೆ ಆರು. ಹಾಗಾಗಿ ಪ್ರೋಗ್ರಾಮರ್ ಉಳಿದ ನಾಲ್ಕು ಮನೆಗಳಿಗೆ ಸೊನ್ನೆ ಹಾಕಿ ಕೈತೊಳೆದುಕೊಂಡ. ಓದುವವರಿಗೆ ಮೈಕ್ರೋಸೆಕೆಂಡಿನ ಲೆಕ್ಕ ಇದ್ದಂತೆ ಕಾಣುತ್ತದೆ, ಒಳಗೆ ಇರುವುದು ಹತ್ತು ಮಿಲಿಸೆಕೆಂಡಿಗೊಮ್ಮೆ ಮಿಸುಕುವ ಮುಳ್ಳು.

ಇಷ್ಟೇ ಆಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಆದರೆ ಆ ಟೇಬಲ್ ವಿನ್ಯಾಸ ಮಾಡಿದವರು ಖಾತೆಯ ಸಂಖ್ಯೆಯ ಬದಲು ಟೈಮ್‌ಸ್ಟ್ಯಾಂಪನ್ನೇ ಪ್ರೈಮರಿ ಕೀ, ಅಂದರೆ ಎರಡು ಸಾಲುಗಳಿಗೆ ಒಂದೇ ಇರಬಾರದ ಗುರುತು, ಮಾಡಿಟ್ಟಿದ್ದರು. ಯಂತ್ರ ನಿಧಾನವಾಗಿದ್ದಷ್ಟು ಕಾಲ, ಅಂದರೆ ಒಂದು ದಾಖಲೆ ಬರೆದು ಇನ್ನೊಂದನ್ನು ಬರೆಯುವಷ್ಟರಲ್ಲಿ ಮುಳ್ಳು ಒಂದು ಸಲವಾದರೂ ಸರಿಯುತ್ತಿದ್ದಷ್ಟು ಕಾಲ, ಎಲ್ಲವೂ ಸುಸೂತ್ರವಾಗಿ ನಡೆಯಿತು. ಗ್ರಾಹಕ ಸಂಸ್ಥೆ ಹೊಸ ಯಂತ್ರ ತಂದ ಮೊದಲ ತ್ರೈಮಾಸಿಕದ ಕೊನೆಯ ರಾತ್ರಿ ಬ್ಯಾಚ್ ಜಾಬ್ (ದಾಖಲೆಗಳನ್ನೆಲ್ಲ ಒಟ್ಟಿಗೆ ಸಂಸ್ಕರಿಸುವ ಕೆಲಸ) -803 ಎಂಬ ಕೋಡ್ ಎಸೆದು ಬಿದ್ದುಹೋಯಿತು. ಅದೇ ಕೀ ಈಗಾಗಲೇ ಇದೆ ಎಂದು ಡಿಬಿ2 ಹೇಳುವ ರೀತಿ ಅದು. ಒಂದು ಸೆಕೆಂಡಿಗೆ ನೂರೇ ಬೇರೆ ಬೇರೆ ಬೆಲೆಗಳು ಸಾಧ್ಯವಿರುವಾಗ ನೂರಾ ಒಂದನೆಯ ದಾಖಲೆಗೆ ಜಾಗವೆಲ್ಲಿಯದು? ಬೆಂಗಳೂರಿನಲ್ಲಿ ಬೆಳಿಗ್ಗೆ ಕರೆ ಸ್ವೀಕರಿಸಿದ ನಾವು ಮಾಡಿದ ಪರಿಹಾರವನ್ನೇ ಆ ಹುಡುಗಿ ಈಗ ನೋಡುತ್ತಿದ್ದುದು: -803 ಬಂದರೆ ಒಂದು ಮೈಕ್ರೋಸೆಕೆಂಡ್ ಕೂಡಿಸು, ಮತ್ತೆ ಪ್ರಯತ್ನಿಸು. 380001 ಎಂಬ ಕ್ಷಣದಲ್ಲಿ ಏನೂ ನಡೆದಿರಲಿಲ್ಲ. ಅದು ನಾವೇ ಹುಟ್ಟಿಸಿದ ಕ್ಷಣ.

ಆದ್ದರಿಂದಲೇ, ಯಾರಾದರೂ ಬಂದು 'ನಮ್ಮ ಪ್ರೋಗ್ರಾಮಿಗೆ ಇನ್ನಷ್ಟು ಸೂಕ್ಷ್ಮವಾದ ಟೈಮ್‌ಸ್ಟ್ಯಾಂಪ್ ಬೇಕು' ಎಂದರೆ, ಅದು ಏತಕ್ಕೆ ಬೇಕೆಂದು ನಾನು ಮೊದಲು ಕೇಳುತ್ತೇನೆ. ಹತ್ತರಲ್ಲಿ ಎಂಟು ಸಲ ಅವರಿಗೆ ಬೇಕಿರುವುದು ಸರದಿ: ಯಾವ ವಹಿವಾಟು ಮೊದಲು, ಯಾವುದು ಆಮೇಲೆ, ಎರಡೂ ಒಂದೇ ಅಲ್ಲವೆಂಬುದಕ್ಕೆ ಗುರುತೇನು. ಆಸ್ಪತ್ರೆಯ ಕಿಟಕಿಯಲ್ಲಿ ಟೋಕನ್ ಕೊಡುವವರು ಗಡಿಯಾರ ನೋಡಿ ಕೊಡುವುದಿಲ್ಲ. ಡಿಬಿ2ನಲ್ಲಿ ಸೀಕ್ವೆನ್ಸ್ ಎಂಬುದೊಂದು ಇದೆ, ಕೇಳಿದಾಗಲೆಲ್ಲ ಹೊಸ ಸಂಖ್ಯೆ ಕೊಡುತ್ತದೆ; 'ಜನರೇಟ್ ಯುನೀಕ್' ಎಂಬ ಫಂಕ್ಷನ್ನೂ ಇದೆ. ಇವನ್ನು ಬಿಟ್ಟು ಕೀಲಿಯ ಕೆಲಸವನ್ನು ಗಡಿಯಾರದ ತಲೆಗೆ ಕಟ್ಟುವುದು ಸೋಮಾರಿತನ ಎಂದೇ ನನ್ನ ಅಭಿಪ್ರಾಯ, ಆ ಸೋಮಾರಿತನದಲ್ಲಿ ನನ್ನ ಪಾಲೂ ಇದೆಯೆಂಬುದನ್ನು ಒಪ್ಪಿಕೊಂಡೇ ಹೇಳುತ್ತಿದ್ದೇನೆ.

ಹಾಗಾದರೆ ಸಮಯವನ್ನು ಡಿಬಿ2ನಿಂದಲೇ 'ಕರೆಂಟ್ ಟೈಮ್‌ಸ್ಟ್ಯಾಂಪ್' ಎಂದು ಕೇಳಿ ಪಡೆದರೆ ಆಗದೇ ಎಂದು ಅವಳು ಕೇಳಿದಳು. ಆರೂ ಅಂಕಿಗಳು ನಿಜವಾಗಿಯೇ ತುಂಬಿ ಬರುತ್ತವೆ, ಒಪ್ಪುತ್ತೇನೆ. ಆದರೆ ಡೇಟಾಬೇಸಿಗೆ ಕೊಡುವ ಒಂದೇ ಆಜ್ಞೆ, ಅಂದರೆ ಒಂದೇ ಎಸ್‌ಕ್ಯುಎಲ್ ವಾಕ್ಯದೊಳಗೆ ಅದನ್ನು ಎಷ್ಟು ಸಲ ಕೇಳಿದರೂ ಗಡಿಯಾರವನ್ನು ನೋಡುವುದು ಒಮ್ಮೆ ಮಾತ್ರ. ಒಂದು ಟೇಬಲ್ಲಿನಿಂದ ಆರಿಸಿ ಇನ್ನೊಂದಕ್ಕೆ ಹತ್ತು ಸಾವಿರ ಸಾಲುಗಳನ್ನು ಒಂದೇ ವಾಕ್ಯದಲ್ಲಿ ಸೇರಿಸಿದರೆ ಹತ್ತು ಸಾವಿರಕ್ಕೂ ಒಂದೇ ಮುದ್ರೆ ಬೀಳುತ್ತದೆ. ಇದು ದೋಷವಲ್ಲ, ಹಾಗೆಯೇ ಇರಬೇಕೆಂದು ಮಾಡಿದ್ದು. ಬೇರೆ ಡೇಟಾಬೇಸ್‌ಗಳಿಗೂ ಅವುಗಳದೇ ಗುಟ್ಟುಗಳಿವೆ: ಎಸ್‌ಕ್ಯುಎಲ್ ಸರ್ವರ್‌ನ ಹಳೆಯ ಡೇಟ್‌ಟೈಮ್ ಮಾದರಿಯಲ್ಲಿ ಮಿಲಿಸೆಕೆಂಡಿನ ಕೊನೆಯ ಅಂಕಿ ಯಾವಾಗಲೂ 0, 3 ಅಥವಾ 7 ಆಗಿರುತ್ತದೆ, ಏಕೆಂದರೆ ಅದು ಸೆಕೆಂಡನ್ನು 300 ಭಾಗ ಮಾಡಿ ಎಣಿಸುತ್ತದೆ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಹಳೆಯ ಪ್ರೋಗ್ರಾಂಗಳಲ್ಲಿ ತಾರೀಖನ್ನು ಒಂದು ಸಾಲಿನಲ್ಲಿ, ಹೊತ್ತನ್ನು ಮುಂದಿನ ಸಾಲಿನಲ್ಲಿ ಬೇರೆ ಬೇರೆಯಾಗಿ ಕೇಳುವ ರೂಢಿಯಿತ್ತು. ಮೊದಲ ಸಾಲು 31ನೆಯ ತಾರೀಖಿನ 23.59.59.99ಕ್ಕೆ ನಡೆದು, ಎರಡನೆಯ ಸಾಲು ನಡೆಯುವಷ್ಟರಲ್ಲಿ ಮಧ್ಯರಾತ್ರಿ ದಾಟಿದರೆ, ದಾಖಲೆಯಲ್ಲಿ 31ನೆಯ ತಾರೀಖು, 00.00.00.00 ಎಂದು ಕೂರುತ್ತದೆ. ಹೆಚ್ಚುಕಡಿಮೆ ಇಪ್ಪತ್ತನಾಲ್ಕು ಗಂಟೆ ಹಿಂದಿನ ಹೊತ್ತು. ಮೊದಲು ಹೊತ್ತು ಕೇಳಿ ಆಮೇಲೆ ತಾರೀಖು ಕೇಳಿದರೆ ತಪ್ಪು ಅಷ್ಟೇ ಮುಂದಕ್ಕೆ ಜಿಗಿಯುತ್ತದೆ. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಆಗುವ ಇಂಥದ್ದನ್ನು ಪರೀಕ್ಷೆಯಲ್ಲಿ ಹಿಡಿಯುವುದು ಅಸಾಧ್ಯವೇ ಸರಿ. ಎರಡನ್ನೂ ಒಂದೇ ಕರೆಯಲ್ಲಿ ತೆಗೆದುಕೊಂಡರೆ ಮುಗಿಯಿತು. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಾಗಿ ಒದ್ದಾಡುವವರು ಇಡೀ ಒಂದು ದಿನ ಕಳೆದುಕೊಳ್ಳುವ ಈ ಎರಡು ಸಾಲುಗಳನ್ನು ಎಷ್ಟೋ ಸಲ ಕಣ್ಣೆತ್ತಿಯೂ ನೋಡುವುದಿಲ್ಲ.

ವಿಚಿತ್ರವೆಂದರೆ, ಈ ಪ್ರೋಗ್ರಾಂಗಳು ಓಡುವ ಮೇನ್‌ಫ್ರೇಮ್ ಎಂಬ ದೊಡ್ಡ ಯಂತ್ರದೊಳಗಿನ ಗಡಿಯಾರಕ್ಕೆ ಎಂದೂ ಬಡತನವಿರಲಿಲ್ಲ. 1970ರಲ್ಲಿ ಪ್ರಕಟವಾದ ಐಬಿಎಂ ಸಿಸ್ಟಮ್ 370ರ ಪೀಳಿಗೆಯಿಂದಲೂ ಅದರಲ್ಲಿ 64 ಬಿಟ್‌ಗಳ ಗಡಿಯಾರವಿದ್ದು, ಅದು 1900ರ ಜನವರಿ 1ರಿಂದ ಎಣಿಸುತ್ತದೆ. 51ನೆಯ ಬಿಟ್ಟಿಗೆ ಮೈಕ್ರೋಸೆಕೆಂಡಿನ ಬೆಲೆ, ಅದರಾಚೆ ಇನ್ನೂ ಬಿಟ್‌ಗಳಿವೆ. ಯಂತ್ರಕ್ಕೆ ಹತ್ತಿರದ ಭಾಷೆಯಾದ ಅಸೆಂಬ್ಲರ್ ಬಲ್ಲವರು 'ಸ್ಟೋರ್ ಕ್ಲಾಕ್' ಸೂಚನೆಯಿಂದ ಅದನ್ನು ನೇರವಾಗಿ ಓದುತ್ತಾರೆ, ಬೆನ್ನು ಬೆನ್ನಿಗೆ ಎರಡು ಸಲ ಓದಿದರೂ ಒಂದೇ ಬೆಲೆ ಬಾರದಂತೆ ಯಂತ್ರವೇ ನೋಡಿಕೊಳ್ಳುತ್ತದೆ. ಆ 64 ಬಿಟ್‌ಗಳು 2042ರ ಸೆಪ್ಟೆಂಬರ್ 17ಕ್ಕೆ ತುಂಬಿ ಹೋಗುತ್ತವೆ, ಅದಕ್ಕಾಗಿ ಇನ್ನೂ ಅಗಲವಾದ 128 ಬಿಟ್‌ಗಳ ರೂಪ ಬಂದಿದೆ. ಆದರೂ 2042ರಲ್ಲಿ ಯಾರಿಗೋ ಬೆಳಗಿನ ಜಾವ ಕರೆ ಬರುವುದು ಖಂಡಿತ.

ಈ ಗಡಿಯಾರವನ್ನು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಹೊತ್ತಿಗೆ ಹೊಂದಿಸಿರುತ್ತಾರೆ. ನಾವು ದಾಖಲೆಗೆ ಬರೆಯುತ್ತಿದ್ದುದು ಮಾತ್ರ ಗ್ರಾಹಕರ ಊರಿನ ಹೊತ್ತು, ಅಮೆರಿಕದ ಪೂರ್ವ ಕರಾವಳಿಯದು. ನವೆಂಬರ್‌ನ ಮೊದಲ ಭಾನುವಾರ ಅಲ್ಲಿ ಎರಡು ಗಂಟೆಯಾದ ಕೂಡಲೇ ಮುಳ್ಳನ್ನು ಹಿಂದಕ್ಕೆ ತಿರುಗಿಸಿ ಒಂದು ಮಾಡುತ್ತಾರೆ; ಇಲ್ಲಿ ನಮಗೆ ಬೆಳಗಿನ ಹನ್ನೊಂದೂವರೆ. ಆ ಒಂದು ಗಂಟೆ ಎರಡು ಸಲ ನಡೆಯುತ್ತದೆ, ಮೈಕ್ರೋಸೆಕೆಂಡ್‌ವರೆಗೆ ಬರೆದಿಟ್ಟರೂ ಯಾವುದು ಮೊದಲನೆಯ ಒಂದೂಕಾಲು, ಯಾವುದು ಎರಡನೆಯದು ಎಂದು ದಾಖಲೆ ನೋಡಿ ಹೇಳಲಾಗದು. ನಾವು ಆ ಒಂದು ಗಂಟೆ ಬ್ಯಾಚ್ ನಿಲ್ಲಿಸಿ, ಕಾಫಿ ಕುಡಿದು, ಗಡಿಯಾರ ದಾಟಿದ ಮೇಲೆ ಮತ್ತೆ ಬಿಡುತ್ತಿದ್ದೆವು. ಮುಳ್ಳು ತಿರುಗಿಸುವ ಗೋಜೇ ಇಲ್ಲದ ದೇಶದಲ್ಲಿ ಕುಳಿತ ನಮ್ಮಲ್ಲಿ ಹಲವರಿಗೆ ಇದು ಅರ್ಥವಾಗಲು ಎರಡು ನವೆಂಬರ್ ಬೇಕಾದವು.

ಇಷ್ಟೆಲ್ಲ ಕೇಳಿಸಿಕೊಂಡ ಹುಡುಗಿ, ಆ ಹಳೆಯ ಸಾಲುಗಳನ್ನು ಈಗಲಾದರೂ ಸರಿಪಡಿಸಬಹುದಲ್ಲವೇ ಎಂದಳು. ಟೇಬಲ್ಲಿಗೆ ಸೀಕ್ವೆನ್ಸ್ ಕಾಲಮ್ ಸೇರಿಸಿ ಕೀ ಬದಲಾಯಿಸಿ ವರ್ಷಗಳಾದವು, ಹೊಸ ದಾಖಲೆಗಳ ಆರೂ ಅಂಕಿಗಳು ಗಡಿಯಾರದಿಂದಲೇ ಬರುತ್ತವೆ. ಹಳೆಯವನ್ನು ಯಾವ ಅಂಕಿ ಹಾಕಿ ಸರಿಪಡಿಸುವುದು? 380000, 380001, 380002 ಎಂಬ ಮೂರು ಸಾಲುಗಳು ಇದ್ದಂತೆಯೇ ಇರಲಿ ಎಂದು ಹೇಳಿ, ಆ ಸಂಗತಿಯನ್ನು ಪ್ರೋಗ್ರಾಮಿನ ತಲೆಯಲ್ಲಿ ಟಿಪ್ಪಣಿಯಾಗಿ ಬರೆಯಲು ಅವಳಿಗೇ ವಹಿಸಿದೆ.