ಹದಿನೈದಕ್ಕೆ ಆರೋಪಿ, ಐವತ್ತಕ್ಕೆ ಅಜ್ಜ

ನಮ್ಮ ಕಾನೂನು ಕಾರಿಗೆ ಮೂರು ಆಶ್ರಮಗಳನ್ನು ವಿಧಿಸಿದೆ. ಮೊದಲ 15 ವರ್ಷ ಅದು ವಾಹನ. ಮುಂದಿನ 35 ವರ್ಷ ಅದು ಆರೋಪಿ. ಐದೈದು ವರ್ಷಕ್ಕೊಮ್ಮೆ ಅಧಿಕಾರಿಗಳ ಮುಂದೆ ಹಾಜರಾಗಿ ತಾನಿನ್ನೂ ಗಟ್ಟಿಮುಟ್ಟಾಗಿದ್ದೇನೆಂದು ರುಜುವಾತು ಮಾಡಬೇಕು. 50 ತುಂಬುವವರೆಗೂ ಮೂಲ ರೂಪ ಕೆಡಿಸಿಕೊಳ್ಳದೆ ಬದುಕಿದ್ದರೆ, 2021ರ ನಿಯಮದಂತೆ ಅದೇ ಆರೋಪಿ ‘ವಿಂಟೇಜ್’ ಎಂಬ ಬಿರುದು ಹೊತ್ತು ರಾಷ್ಟ್ರದ ಪರಂಪರೆಯಾಗುತ್ತದೆ. ಬಿರುದು ಬಂದ ಮೇಲೆ ಅದನ್ನು ದಿನನಿತ್ಯ ಓಡಿಸುವಂತಿಲ್ಲ ಎಂಬುದು ಬೇರೆ ಮಾತು. ಸನ್ಮಾನಿತರು ತರಕಾರಿ ತರಲು ಹೋಗಬಾರದಲ್ಲ.

ನನ್ನ 1986ರ ಪ್ರೀಮಿಯರ್ ಪದ್ಮಿನಿ ಸದ್ಯ ಎರಡನೆಯ ಆಶ್ರಮದಲ್ಲಿದೆ. 2021ರಲ್ಲಿ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿ ಇತ್ತು. ಈಗ 20 ವರ್ಷ ದಾಟಿದ ಕಾರಿಗೆ 10,000 ರೂಪಾಯಿ. ಮುಪ್ಪಾದ ಮನುಷ್ಯನಿಗೆ ಪಿಂಚಣಿ ಕೊಡುವ ಸರ್ಕಾರ ಮುಪ್ಪಾದ ಕಾರಿನಿಂದ ಪಿಂಚಣಿ ಪಡೆಯುತ್ತದೆ ಎಂದು ತಿಳಿದು ಸಮಾಧಾನಪಟ್ಟುಕೊಂಡೆ. ಆದರೆ ಎಡಗಡೆಯ ಬಾಗಿಲಿನ ಚಿಲಕ ಸವೆದುಹೋಗಿತ್ತು. ಬಾಗಿಲನ್ನು ಹಗ್ಗದಿಂದ ಕಟ್ಟಿದ ಕಾರನ್ನು ಯಾವ ಅಧಿಕಾರಿಯೂ ಸುಸ್ಥಿತಿಯಲ್ಲಿದೆ ಎಂದು ಬರೆದುಕೊಡುವುದಿಲ್ಲ, ಬರೆದುಕೊಡಲೂ ಬಾರದು.

ಪದ್ಮಿನಿಯ ತವರು ಮುಂಬೈಯ ಕುರ್ಲಾ. ತವರಿನವರು ಕೈಬಿಟ್ಟು ಎರಡು ದಶಕ ದಾಟಿದ ಮೇಲೂ ಬಿಡಿಭಾಗಗಳು ಸಿಗುತ್ತಿದ್ದುದು ಅಲ್ಲಿನ ಕಪ್ಪು-ಹಳದಿ ಟ್ಯಾಕ್ಸಿಗಳ ದಯೆಯಿಂದ. ಅವು ಒಂದೊಂದಾಗಿ ಗುಜರಿ ಸೇರಿ ನಮ್ಮಂಥವರಿಗೆ ಅಂಗಾಂಗ ದಾನ ಮಾಡುತ್ತಿದ್ದವು. 2023ರ ಅಕ್ಟೋಬರ್‌ನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ 20 ವರ್ಷದ ಮಿತಿ ಮುಟ್ಟಿ ರಸ್ತೆಯಿಂದಿಳಿದ ಮೇಲೆ ದಾನಿಗಳ ವಂಶವೂ ಮುಗಿಯಿತು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಹತ್ತಿ ಇಳಿದೆ. ನಾಲ್ಕನೆಯವರು ಏಣಿ ಹಾಕಿ ಅಟ್ಟದಿಂದ ಒಂದು ಪೊಟ್ಟಣ ಇಳಿಸಿದರು. ಗ್ರೀಸು ಹೀರಿ ಪಾರದರ್ಶಕವಾಗಿದ್ದ ಹಳೆಯ ವಾರ್ತಾಪತ್ರಿಕೆಯನ್ನು ಪದರ ಪದರವಾಗಿ ಬಿಡಿಸುವಾಗ, ಗರ್ಭಗುಡಿಯ ಪರದೆ ಸರಿಯುವುದನ್ನು ಕಾಯುವ ಭಕ್ತನಂತೆ ನಿಂತಿದ್ದೆ. ಒಳಗೆ ಹೊಳೆಯುವ ಹೊಚ್ಚಹೊಸ ಚಿಲಕವಿತ್ತು. ಬಲಗಡೆಯದು.

“ತಗೊಂಡ್ ಹೋಗಿ ಸಾರ್, ಇದೂ ಮುಂದೆ ಸಿಗಲ್ಲ” ಎಂದರು. ತೆಗೆದುಕೊಂಡೆ. ಸವೆಯದ ಬಾಗಿಲಿಗೆ ಈಗ ನನ್ನ ಬಳಿ ಎರಡು ಚಿಲಕಗಳಿವೆ.

ಎಡಗಡೆಯದಕ್ಕೆ ಕೊನೆಗೆ ಒಬ್ಬ ಲೇತ್ ಮೇಸ್ತ್ರಿಯ ಮೊರೆ ಹೋದೆ. ಅವರು ಲಾರಿಯ ಸ್ಪ್ರಿಂಗ್ ಪಟ್ಟಿಯ ತುಂಡೊಂದನ್ನು ಕತ್ತರಿಸಿ, ಅರದಿಂದ ಉಜ್ಜಿ, ಪ್ರತಿ ಹತ್ತು ಉಜ್ಜಿಗೊಮ್ಮೆ ಹಳೆಯದರ ಪಕ್ಕ ಹಿಡಿದು ಬೆಳಕಿಗೆ ನೋಡಿ, ಎರಡು ಗಂಟೆಯಲ್ಲಿ ಚಿಲಕದ ನಾಲಗೆಯನ್ನು ಮಾಡಿಕೊಟ್ಟರು. ಬಾಗಿಲು ‘ಟಕ್’ ಎಂದು ಮುಚ್ಚಿಕೊಂಡಿತು. 2036ರಲ್ಲಿ ಬಿರುದು ನೀಡುವವರು ಲಾರಿಯ ಈ ತುಂಡನ್ನು ಕಂಡು ಮೂಲ ರೂಪ ಕೆಟ್ಟಿತೆನ್ನುವರೋ ಏನೋ.

ಯಾವುದಕ್ಕೂ ಇರಲಿ ಎಂದು ಇನ್ನೊಂದು ಮಾಡಿಕೊಡುವಂತೆ ಕೇಳಿದೆ. ಮೇಸ್ತ್ರಿ ಲೇತಿನ ಮುಚ್ಚಳ ತೆಗೆದು, ಎರಡು ಹಲ್ಲು ಮುರಿದ ಗೇರನ್ನು ತೋರಿಸಿದರು.

“ಇದು ನಮ್ಮಪ್ಪನ ಕಾಲದ್ದು ಸಾರ್. ಸ್ಪೇರ್ ಎಲ್ಲೂ ಸಿಗ್ತಿಲ್ಲ. ಜೆ.ಸಿ. ರೋಡ್ ಕಡೆ ಹೋದ್ರೆ ಸ್ವಲ್ಪ ವಿಚಾರಿಸ್ತೀರಾ?”