ನಮನ ನಿಮಗೆ, ಕಾಯಿ ನಮಗೆ

ಜುಲೈ ಬಂತೆಂದರೆ ಮೆಲ್ಬರ್ನ್‌ನ ನಮ್ಮ ಆಫೀಸಿಗೆ ಭಕ್ತಿ ಉಕ್ಕಿ ಬರುತ್ತದೆ. ಆಸ್ಟ್ರೇಲಿಯಾದ ಮೂಲನಿವಾಸಿಗಳನ್ನು, ಅವರ ಸಂಸ್ಕೃತಿಯನ್ನು ಗೌರವಿಸುವ ನೈಡಾಕ್ ವಾರ ಅಲ್ವಾ! ಮೀಟಿಂಗಿನ ಶುರುವಿಗೆ ಓದುವ ಆ ಮೂರು ಸಾಲು ಇಲ್ಲಿರುವ ಕನ್ನಡಿಗರಿಗೂ ಈಗ ಬಾಯಿಪಾಠ. ಈ ನೆಲದ ಮೂಲ ಪಾಲಕರಿಗೆ, ಅವರ ಹಿರಿಯರಿಗೆ ನಮ್ಮ ಗೌರವ. ನಮ್ಮ ಮ್ಯಾನೇಜರ್ ಇದನ್ನು, ಬಸ್ಸಿಗೆ ಹೊತ್ತಾಯಿತು ಅಂತ ಸಂಧ್ಯಾವಂದನೆ ಮುಗಿಸುವವರ ಹಾಗೆ, ಒಂದೇ ಉಸಿರಿಗೆ ಒಪ್ಪಿಸುತ್ತಾರೆ. 'ಹಿರಿಯರಿಗೆ' ಅನ್ನುವಷ್ಟರಲ್ಲಿ ಪರದೆ ಮೇಲೆ ಬಜೆಟ್ಟಿನ ಸ್ಲೈಡ್ ಬಂದಿರುತ್ತದೆ.

ಈ ಸಲ ಪ್ರಸಾದವೂ ಇತ್ತು. ಲೆಮನ್ ಮರ್ಟಲ್ ಎಲೆ ಹಾಕಿದ ಬಿಸ್ಕತ್ತು. ಇಲ್ಲಿನ ಜಾಲಿ ಜಾತಿಯ ಬೀಜ ಹುರಿದು ಪುಡಿ ಮಾಡಿ ಹಾಕಿದ ಕೇಕು. ತಾಂಬೂಲದ ಚೀಲದ ಹಾಗೆ ಎಲ್ಲರಿಗೂ ಒಂದೊಂದು ಕಾಗದದ ಚೀಲ, ಅದರಲ್ಲಿ ಕಿರುಬೆರಳುದ್ದದ ಗಾಜಿನ ಶೀಶೆ. ಕಕಾಡು ಪ್ಲಮ್ ಅನ್ನೋ ಇಲ್ಲಿನ ಕಾಡುಕಾಯಿಯ ಫೇಸ್ ಸೀರಮ್!

ಕನ್ನಡಕ ಏರಿಸಿ ಲೇಬಲ್ ಓದಿದೆ. 'ಸಾವಿರಾರು ವರ್ಷಗಳ ಪ್ರಾಚೀನ ಜ್ಞಾನ' ಅಂತ ಬಂಗಾರದ ಬಣ್ಣದಲ್ಲಿ ಬರೆದಿತ್ತು. ಯಾರ ಜ್ಞಾನ? ಅದಿಲ್ಲ. ಕಾಯಿ ಕಿತ್ತವರು ಯಾರು, ಯಾವ ಊರಿನವರು? ಅದೂ ಇಲ್ಲ. ಜಾಗ ಸಾಲಲಿಲ್ಲವೇನೋ ಅಂದುಕೊಂಡರೆ ಮೂಲೆಯಲ್ಲಿ ಒಂದು ಮೊಲ ಕೂತಿತ್ತು. ಪ್ರಾಣಿಗಳ ಮೇಲೆ ಪ್ರಯೋಗ ಮಾಡಿಲ್ಲ ಅನ್ನೋದರ ಗುರುತು. ಮೊಲ ಈ ದೇಶದ್ದಲ್ಲ ಸ್ವಾಮಿ. 1859ರಲ್ಲಿ ಒಬ್ಬ ಸಾಹೇಬ ಬೇಟೆಯ ಶೋಕಿಗೆ ಇಂಗ್ಲೆಂಡಿನಿಂದ ತರಿಸಿ ಬಿಟ್ಟದ್ದು. ಅದು ದೇಶವಿಡೀ ಹುಲ್ಲು ಮೇಯ್ದು, ಬಿಲ ತೋಡಿ, ಸರ್ಕಾರ ಸಾವಿರಾರು ಮೈಲಿ ಬೇಲಿ ಹಾಕಿದರೂ ಬಗ್ಗಲಿಲ್ಲ. ಅಂಥ ಮೊಲಕ್ಕೂ ಲೇಬಲ್ಲಿನಲ್ಲಿ ಜಾಗ ಸಿಕ್ಕಿತು.

ದೇಶದ ವಾಯವ್ಯ ಮೂಲೆಯ ಬ್ರೂಮ್ ಊರಿನ ಕಡೆಯವರು ಈ ಕಾಯಿಗೆ ಗಬಿಂಜ್ ಅನ್ನುತ್ತಾರೆ. ವಿಟಮಿನ್ ಸಿ ಕಿತ್ತಳೆಗಿಂತ ಹತ್ತಾರು ಪಟ್ಟು ಜಾಸ್ತಿ. ಕುಲ ವಿಚಾರಿಸಿದರೆ ನಮಗೂ ನೆಂಟ: ಟರ್ಮಿನೇಲಿಯಾ, ಅಂದರೆ ನಮ್ಮ ಅಳಲೆ, ತಾರೆ, ಮತ್ತಿಯ ದಾಯಾದಿ. ನಮ್ಮಜ್ಜಿ ಅಳಲೆಕಾಯಿಯನ್ನು ಸಾಣೆಕಲ್ಲಿನ ಮೇಲೆ ತೇಯ್ದು, ಬೆರಳ ತುದಿಯಲ್ಲಿ ಮಗುವಿನ ನಾಲಿಗೆಗೆ ಸವರುತ್ತಿದ್ದಳು. ಶೀಶೆಗೆ ತುಂಬಿ ಡ್ರಾಪರ್ ಇಡಲಿಲ್ಲ. ಹಾಗಾಗಿ ಬಡವಳಾಗಿಯೇ ಸತ್ತಳು.

ಅಮೆರಿಕದ ಮೇರಿ ಕೇ ಅನ್ನೋ ಸೌಂದರ್ಯವರ್ಧಕ ಕಂಪನಿ ಈ ಗಬಿಂಜ್ ಮೇಲೆ ಪೇಟೆಂಟ್ ಕೇಳಿತ್ತು. ಆಸ್ಟ್ರೇಲಿಯಾದಲ್ಲಿ ಆಕ್ಷೇಪ ಎದ್ದ ಮೇಲೆ ಆ ಅರ್ಜಿ ಮುಂದೆ ಹೋಗಲಿಲ್ಲ. ನಮ್ಮ ಅರಿಶಿನಕ್ಕೂ ಹೀಗೇ ಆಗಿತ್ತಲ್ಲ. ಗಾಯಕ್ಕೆ ಅರಿಶಿನ ಹಚ್ಚೋದು ಹೊಸ ಸಂಶೋಧನೆ ಅಂತ 1995ರಲ್ಲಿ ಅಮೆರಿಕ ಪೇಟೆಂಟ್ ಕೊಟ್ಟಿತು. ನಮ್ಮ ಸರ್ಕಾರದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹಳೇ ಗ್ರಂಥಗಳನ್ನು ಹೊತ್ತುಕೊಂಡು ಹೋಗಿ 1997ರಲ್ಲಿ ರದ್ದು ಮಾಡಿಸಿತು. ನಮ್ಮ ಹತ್ತಿರ ಗ್ರಂಥ ಇತ್ತು, ಬಚಾವಾದೆವು. ಹಾಡಿನಲ್ಲಿ, ಕಥೆಯಲ್ಲಿ, ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗಿ ತೋರಿಸುವುದರಲ್ಲಿ ವಿದ್ಯೆ ಉಳಿಸಿಕೊಂಡವರು ಪೇಟೆಂಟ್ ಆಫೀಸಿಗೆ ಯಾವ ಪುಟ ತೋರಿಸಬೇಕು? ನಾವೂ ಸಾಚಾ ಅಲ್ಲ ಬಿಡಿ. ಬಿಳಿಗಿರಿರಂಗನ ಬೆಟ್ಟದಲ್ಲಿ ತಲೆತಲಾಂತರದಿಂದ ನೆಲ್ಲಿ, ಜೇನು ತಂದ ಸೋಲಿಗರಿಗೆ ಆ ಕಾಡಿನ ಹಕ್ಕು ಕಾಗದದ ಮೇಲೆ ಸಿಕ್ಕಿದ್ದು 2011ರಲ್ಲಿ.

ಬಿಳಿಯರು ಮೊದಲಿಂದಲೂ ಹೀಗೇ ಇರಲಿಲ್ಲ. ಮೊದಲು ಕೇಳುತ್ತಲೇ ಇರಲಿಲ್ಲ. ಬರ್ಕ್ ಮತ್ತು ವಿಲ್ಸ್ ಅನ್ನೋ ಅನ್ವೇಷಕರನ್ನೇ ನೋಡಿ. 1860ರಲ್ಲಿ ಇದೇ ಮೆಲ್ಬರ್ನ್‌ನಿಂದ ಒಂಟೆ, ಕುದುರೆ, ಓಕ್ ಮರದ ಮೇಜು, ಕುರ್ಚಿ ಸಮೇತ ಖಂಡ ದಾಟಲು ಹೊರಟರು. ವಾಪಸು ಬರುವಾಗ ಒಳನಾಡಿನ ಕೂಪರ್ ಕ್ರೀಕ್ ಅನ್ನೋ ಹೊಳೆಯ ಹತ್ತಿರ ಊಟಕ್ಕೆ ಗತಿಯಿಲ್ಲ. ಅಲ್ಲಿನ ಯಾಂಡ್ರುವಾಂಡ ಜನ ಮೀನು ಕೊಟ್ಟರು, ನಾರ್ಡೂ ಅನ್ನೋ ನೀರುಗಿಡದ ಹಿಟ್ಟಿನ ರೊಟ್ಟಿ ಕೊಟ್ಟರು. ಬರ್ಕ್ ಸಾಹೇಬರು ಪಿಸ್ತೂಲು ಹಾರಿಸಿ ಅವರನ್ನು ದೂರ ಇಟ್ಟರು. ಆಮೇಲೆ ತಾವೇ ನಾರ್ಡೂ ಆಯ್ದು ಬೀಸಿದರು. ಹುರಿಯಬೇಕು, ಧಾರಾಳ ನೀರು ಬೆರೆಸಬೇಕು ಅನ್ನೋದನ್ನು ಯಾರನ್ನೂ ಕೇಳಲಿಲ್ಲ. ಸರಿಯಾಗಿ ಸಂಸ್ಕರಿಸದ ನಾರ್ಡೂ ಮೈಯಲ್ಲಿರುವ ಬಿ1 ವಿಟಮಿನ್ನನ್ನೇ ತಿಂದು ಹಾಕುತ್ತದೆ. ದಿನಾ ಹೊಟ್ಟೆ ತುಂಬ ತಿಂದು, ದಿನಾ ಸವೆದು, 1861ರಲ್ಲಿ ಇಬ್ಬರೂ ತೀರಿಕೊಂಡರು. ಜೊತೆಗಿದ್ದ ಕಿಂಗ್ ಮಾತ್ರ ಅದೇ ಯಾಂಡ್ರುವಾಂಡ ಜನರ ಜೊತೆ ಸೇರಿ, ಅವರು ಕೊಟ್ಟಿದ್ದು ಉಂಡು ಬದುಕಿದ. ಮಡಿವಂತಿಕೆ ಬಿಟ್ಟಿದ್ದಕ್ಕೆ ಅನ್ನ ಸಿಕ್ಕಿತು.

ಈಗ ಕೇಳುವುದನ್ನು ಚೆನ್ನಾಗಿ ಕಲಿತಿದ್ದಾರೆ. ಯಾವ ಎಲೆ, ಯಾವ ಕಾಯಿ, ಯಾವ ತಿಂಗಳು, ಎಷ್ಟು ಹೊತ್ತು ನೆನೆಸಬೇಕು? ಎಲ್ಲ ಬರೆದುಕೊಳ್ಳುತ್ತಾರೆ. ಕೊನೆಗೆ ನಮಸ್ಕಾರ ಹಾಕಿ ಎದ್ದು ಹೋಗುತ್ತಾರೆ. ಮಕಡೇಮಿಯಾ ಇಲ್ಲಿನದೇ ಬೀಜ, ಅದಕ್ಕೆ ಇಲ್ಲಿಯ ಜನರ ಬಾಯಲ್ಲಿ ಎಷ್ಟೋ ಹೆಸರಿದ್ದವು. ಹೆಸರು ಉಳಿದದ್ದು ಜಾನ್ ಮಕಾಡಮ್ ಅನ್ನೋ ಡಾಕ್ಟರದ್ದು, ದುಡ್ಡು ಮೊದಲು ಮಾಡಿದ್ದು ಹವಾಯಿ. ಇವತ್ತು ಈ ಕಾಡು ತಿನಿಸಿನ ವ್ಯಾಪಾರದಲ್ಲಿ ಮೂಲನಿವಾಸಿಗಳ ಪಾಲು ನೂರಕ್ಕೆ ಒಂದೋ ಎರಡೋ. ನೂರಕ್ಕೆ ಒಂದೋ ಎರಡೋ! ಅರವತ್ತು ಸಾವಿರ ವರ್ಷ ತಿಂದು, ವಾಂತಿ ಮಾಡಿ, ಸತ್ತು, ಯಾವುದು ವಿಷ ಯಾವುದು ಊಟ ಅಂತ ಕಂಡುಕೊಂಡವರಿಗೆ ಬಿಸ್ಕತ್ತಿನ ಚೂರು. ಇದನ್ನು ತಮಾಷೆ ಮಾಡಿ ಮಾಡಿ ನನಗೂ ಸಾಕಾಗಿದೆ. ಗೌರವಕ್ಕೆ ಜಿಎಸ್‌ಟಿ ಇಲ್ಲ ನೋಡಿ, ಅದಕ್ಕೇ ಎಲ್ಲರೂ ಧಾರಾಳವಾಗಿ ಕೊಡುತ್ತಾರೆ.

ಟೀ ಮುಗಿದ ಮೇಲೆ ಮ್ಯಾನೇಜರನ್ನು ಮೆಲ್ಲಗೆ ಕೇಳಿದೆ, ಈ ಬಿಸ್ಕತ್ತು, ಸೀರಮ್ಮು ಎಲ್ಲ ಮೂಲನಿವಾಸಿಗಳ ಕಂಪನಿಯಿಂದ ತರಿಸಿದ್ದಾ ಅಂತ. ಅವರು ಎದೆ ಮೇಲೆ ಕೈ ಇಟ್ಟುಕೊಂಡು, ಬಹಳ ಮುಖ್ಯವಾದ ಪ್ರಶ್ನೆ ಅಂದರು. ಮುಂದಿನ ವರ್ಷದ ಸಮಿತಿಗೆ ನನ್ನ ಹೆಸರು ಸೇರಿದೆ. ಬಿಲ್ಲು ಮಾತ್ರ ಇನ್ನೂ ತೋರಿಸಿಲ್ಲ.